ಬರೆಯದೆ ಬಿಟ್ಟ ತುಂಡು

ನನ್ನ ಮದುವೆಯ ನಿಶ್ಚಯಕ್ಕೆ ಬೇಕಾದ ಕೆಲಸಗಳಲ್ಲಿ ಬಹಳಷ್ಟನ್ನು ನಾನೇ ಕೈಯಾರೆ ಮಾಡಿದ್ದೆ. ಅದು ನನ್ನ ನಿಶ್ಚಯ ಅನ್ನುವುದೊಂದು ಮಾತ್ರ ನನಗೆ ಗೊತ್ತಿರಲಿಲ್ಲ. ಇದನ್ನು ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಎಪ್ಪತ್ತರ ದಶಕ ಮುಗಿದು ಎಷ್ಟೋ ಕಾಲವಾಯಿತು, ಆದರೂ ಆ ಮನೆಯ ಪಡಸಾಲೆ ನೆನಪಾದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ.

ನಮ್ಮದು ಬೀದರ ಕಡೆಯ ಮನೆತನ. ಅಪ್ಪ ಸಣ್ಣ ವಯಸ್ಸಿನಲ್ಲೇ ನಾಶಿಕಕ್ಕೆ ಬಂದು ರವಿವಾರ ಕಾರಂಜಾ ಚೌಕದ ಹತ್ತಿರ ಸೀರೆ ಅಂಗಡಿ ಹಾಕಿದ್ದ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಹಿಂದಿ, ಇದು ಅಪ್ಪನ ಪದ್ಧತಿ. ಮನೆಯಲ್ಲಿ ಅಪ್ಪ, ಅವ್ವ, ಅಂಗಡಿ ನೋಡಿಕೊಳ್ಳುತ್ತಿದ್ದ ಅಣ್ಣ, ಅಣ್ಣನ ಹೆಂಡತಿ ಮತ್ತು ನಾನು. ಅಣ್ಣನ ಹೆಂಡತಿಯನ್ನು ನಾನು ಅಲ್ಲಿಯ ರೂಢಿಯಂತೆ ವೈನಿ ಅನ್ನುತ್ತಿದ್ದೆ. ಸಿಟ್ಟಿನಲ್ಲಿ ನಾನು ಅಪ್ಪನ ಮಗಳೇ. ಆದರೆ ನನಗೆ ಎಲ್ಲ ಭಾಷೆಯಲ್ಲೂ ಸಿಟ್ಟು ಬರುತ್ತಿತ್ತು.

ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ನಾಶಿಕದ ಹೊರಗಿನ ಅಂಬಡ್‌ನ ಒಂದು ಮೋಟಾರು ಕಾರ್ಖಾನೆಗೆ. ಆಗ ಅಂಬಡ್ ಅಂದರೆ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಶೆಡ್ಡು, ಕಾರ್ಮಿಕರ ಬಾಡಿಗೆ ಖೋಲಿಗಳು, ಬಸ್ಸಿಳಿದರೆ ಪಾದ ಮುಳುಗುವಷ್ಟು ಧೂಳು. ನನ್ನನ್ನು ಕಂಪ್ಯೂಟರ್ ವಿಭಾಗಕ್ಕೆ ಹಾಕಿದರು. ವಿಭಾಗವೇನೋ ಇತ್ತು, ಕಂಪ್ಯೂಟರ್ ಇರಲಿಲ್ಲ. ಅದಿದ್ದದ್ದು ಅದೇ ಮಾಲೀಕರ ಔರಂಗಾಬಾದಿನ ದೊಡ್ಡ ಕಾರ್ಖಾನೆಯಲ್ಲಿ. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ. ನಾವು ನಾಶಿಕದಲ್ಲಿ ಕೂತು ಪ್ರೋಗ್ರಾಂ ಬರೆಯಬೇಕು, ಪಂಚಿಂಗ್ ಹುಡುಗಿಯರು ಅದನ್ನು ಸಾಲಿಗೊಂದು ರಟ್ಟಿನ ಕಾರ್ಡಿನಂತೆ, ಯಂತ್ರ ಓದುವ ಹಾಗೆ ತೂತು ಹೊಡೆದು ಕೊಡಬೇಕು, ಆ ಕಾರ್ಡುಗಳ ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಎಸ್‌.ಟಿ. ಬಸ್ಸಿನಲ್ಲಿ ಅರ್ಧ ದಿನ ಕುಲುಕುತ್ತ ಹೋಗಬೇಕು. ಶನಿವಾರ ಮಧ್ಯಾಹ್ನದ ನಂತರ ಯಂತ್ರ ನಮ್ಮ ಪಾಲಿಗೆ. ಅಲ್ಲಿ ಪ್ರೋಗ್ರಾಂ ನಿಂತುಹೋಯಿತೆಂದರೆ ಮುಂದಿನ ಶನಿವಾರದವರೆಗೆ ಮೋರೆ ಜೋಲು ಹಾಕಿಕೊಂಡು ಕೂರುವುದೇ ಕೆಲಸ.

ಯಾವ ಮೋಟಾರಿಗೆ ಯಾವ ಬಿಡಿಭಾಗ ಬೇಕು, ಗೋದಾಮಿನಲ್ಲಿ ಏನಿದೆ, ಏನು ತರಿಸಬೇಕು, ಇಷ್ಟನ್ನು ಹೇಳುವ ಪ್ರೋಗ್ರಾಂ ಒಂದಿತ್ತು. ಬರೆದವನು ಮುಂಬಯಿಗೆ ಹೋಗಿಬಿಟ್ಟಿದ್ದ. ತಲೆಯಿಂದ ಬುಡದವರೆಗೆ ಒಂದೇ ಗಂಟು. ಎಲ್ಲಿ ಎಳೆದರೂ ಇನ್ನೆಲ್ಲೋ ಬಿಗಿಯುತ್ತಿತ್ತು. ಯಂತ್ರದ ಬಾಯಿಗೆ ಕೊಟ್ಟಾಗಲೆಲ್ಲ ಅದು ನಡುವೆ ನಿಂತು, ಅರ್ಥವಾಗದ ಅಂಕಿಗಳನ್ನು ಹಾಳೆಗಟ್ಟಲೆ ಕಕ್ಕುತ್ತಿತ್ತು. ನಾನು ಛಲಕ್ಕೆ ಬಿದ್ದು ಇಡೀ ಪ್ರೋಗ್ರಾಮನ್ನು ಬಾಯಿಪಾಠ ಮಾಡಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದನ್ನೇ ಗುಣುಗುಣಿಸುತ್ತಿದ್ದೆ. ಹೊಸದಾಗಿ ಬಂದ ಸಾಹೇಬರಿಗೆ ಅದನ್ನು ಹೆಮ್ಮೆಯಿಂದ ಹೇಳಿಕೊಂಡೂ ಬಿಟ್ಟೆ.

ಸಾಹೇಬರು ಪುಣೆಯ ಕಡೆಯವರು, ಮಾತು ಕಡಿಮೆ. ನಾನು ನೀಟಾಗಿ ಬರೆದಿಟ್ಟ ಹಾಳೆಗಳನ್ನು ಕೈಗೆ ತೆಗೆದುಕೊಂಡರು, ಮೇಜಿನ ಖಾನೆಯಿಂದ ಕತ್ತರಿ ತೆಗೆದರು, ಕಚಕಚನೆ ಕತ್ತರಿಸತೊಡಗಿದರು. ನಾನು ಹೌಹಾರಿದೆ. ನಿಲ್ಲಿಸಿ, ನಿಲ್ಲಿಸಿ ಎಂದು ಮರಾಠಿಯಲ್ಲಿ ಕೂಗುತ್ತ ಅವರ ಕೈ ಹಿಡಿಯುವುದೊಂದು ಬಾಕಿ. ಅವರು ತಲೆ ಎತ್ತಲೂ ಇಲ್ಲ. ತುಂಡುಗಳನ್ನು ನೆಲದ ಮೇಲೆ ಹರಡಿದರು. ಕಾರ್ಡು ಓದುವುದು ಇಲ್ಲಿ, ಓದಿದ್ದು ಸರಿಯೋ ಎಂದು ನೋಡುವುದು ಅಲ್ಲಿ, ಕೂಡಿಸುವುದು ಆ ಮೂಲೆಗೆ, ಅಚ್ಚು ಹಾಕುವುದು ಬಾಗಿಲ ಹತ್ತಿರ. ಆಮೇಲೆ ಎಲ್ಲಕ್ಕಿಂತ ಸಣ್ಣ ತುಂಡೊಂದನ್ನು ನನ್ನ ಕೈಗಿಟ್ಟರು. ಬಿಡಿಭಾಗದ ನಂಬರು ಸರಿ ಇದೆಯೋ ಇಲ್ಲವೋ, ಅಷ್ಟನ್ನು ನೋಡುವ ತುಂಡು. ಇಡೀ ಪ್ರೋಗ್ರಾಂ ಬಾಯಿಪಾಠ ಇದ್ದವಳಿಗೆ ಒಂದು ನಂಬರು ನೋಡುವ ಕೆಲಸ! ನನ್ನ ಮೂಗಿನ ಹೊಳ್ಳೆ ಅರಳಿದ್ದು ಅವರಿಗೆ ಕಾಣಿಸಿರಬೇಕು.

ಅವರು ಮರಾಠಿಯಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ. “ಒಂದು ತುಂಡಿಗೆ ಒಂದೇ ಕೆಲಸ. ಒಳಗೆ ಏನು ಬರುತ್ತದೆ, ಹೊರಗೆ ಏನು ಕೊಡಬೇಕು, ಅಷ್ಟು ಅದಕ್ಕೆ ಗೊತ್ತಿದ್ದರೆ ಸಾಕು. ಯಾರಿಗಾಗಿ, ಯಾತಕ್ಕಾಗಿ ಅನ್ನುವುದು ಅದಕ್ಕೆ ಬೇಡ. ಅದು ಕರೆಯುವ ತುಂಡಿನ ಚಿಂತೆ. ಕರೆಯುವ ತುಂಡು ಒಂದೇ ಇರುತ್ತದೆ. ಅದು ಕರೆದಾಗ ಉಳಿದವು ಎದ್ದು ತಮ್ಮ ಕೆಲಸ ಮಾಡಿ ಕೂತುಕೊಳ್ಳುತ್ತವೆ.” ಕತ್ತರಿಯನ್ನು ಖಾನೆಗೆ ಹಾಕುತ್ತ ಇನ್ನೊಂದು ಮಾತು ಸೇರಿಸಿದರು. “ಯಾವ ತುಂಡಿನ ಭಯ ಇದೆಯೋ ಅದನ್ನೇ ಮೊದಲು ಬರೆಯಬೇಕು. ಅದು ಆಗದೆ ಹೋದರೆ ಉಳಿದದ್ದೆಲ್ಲ ದಂಡ.”

ಆ ಶನಿವಾರ ನನ್ನ ಪುಟ್ಟ ತುಂಡು ಯಂತ್ರದೊಳಗೆ ಹೋಗಿ, ಸರಿಯಾದ ನಂಬರಿಗೆ ಸರಿ, ತಪ್ಪಿಗೆ ತಪ್ಪು ಎಂದು ಹೇಳಿ ಹೊರಬಂತು. ನಿಲ್ಲಲಿಲ್ಲ, ಕಕ್ಕಲಿಲ್ಲ. ನನಗೆ ನಂಬಿಕೆಯೇ ಬರಲಿಲ್ಲ. ಅದೇ ಕಾರ್ಡುಗಳನ್ನು ಮತ್ತೊಮ್ಮೆ ಹಾಕಿಸಿ ನೋಡಿದೆ. ಮತ್ತೂ ಅದೇ ಉತ್ತರ. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳೇ ಹಲ್ಲು ಕಿರಿಯುತ್ತ ಕೂತಿದ್ದೆ, ಪಕ್ಕದ ಹೆಂಗಸು ದೂರ ಸರಿದು ಕೂತಳು.

ಇಂಥ ಸಂಗತಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ಊಟಕ್ಕೆ ಕೂತಾಗ ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದ. ದೊಡ್ಡ ಕೆಲಸ ಎದುರಾದರೆ ಅಪ್ಪನಿಗೆ ಕೈಕಾಲು ಆಡುತ್ತಿರಲಿಲ್ಲ. ದೀಪಾವಳಿಗೆ ಸೀರೆಯ ಪೆಂಡಿಗಳು ಬಂದು ಬಿದ್ದರೆ ಅಂಗಡಿಯ ನಡುವೆ ತಲೆಯ ಮೇಲೆ ಕೈ ಹೊತ್ತು ನಿಂತು, ಎದುರಿಗೆ ಸಿಕ್ಕವರನ್ನೆಲ್ಲ ಹಿಂದಿಯಲ್ಲಿ ಬೈಯುತ್ತಿದ್ದ. ಆ ವರ್ಷ ನಾನು ರಜೆ ಹಾಕಿ ಅಂಗಡಿಗೆ ಹೋದೆ. ಅಣ್ಣ ಪೆಂಡಿ ಬಿಚ್ಚುವುದಷ್ಟೇ. ವೈನಿ ಅಂಚಿನ ಬಣ್ಣ ನೋಡಿ ಬೇರೆ ಮಾಡುವುದಷ್ಟೇ. ಅಂಗಡಿಯ ಆಳುಗಳಲ್ಲಿ ಒಬ್ಬ ಮಡಚುವುದು, ಒಬ್ಬ ಕಪಾಟಿಗೆ ಏರಿಸುವುದು. ಯಾರೂ ಯಾರ ಕೆಲಸಕ್ಕೂ ತಲೆ ಹಾಕಬಾರದು. ಸಂಜೆ ದೀಪ ಹಚ್ಚುವ ಮೊದಲೇ ಅಂಗಡಿ ತುಂಬಿ ನಿಂತಿತು.

ಅಪ್ಪ ಬಾಯಿ ಬಿಟ್ಟುಕೊಂಡು ನಿಂತಿದ್ದ. “ಇದೇನಿದು! ಯಾರಿಗೂ ಪೂರಾ ಏನೂ ಗೊತ್ತಿಲ್ಲ, ಕೆಲಸ ಮಾತ್ರ ಆಗೇ ಬಿಟ್ಟದ!” ಎಂದ. ಆ ಮಾತನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಳಿದ. ಮರುದಿನ ಮತ್ತೆ ಸಾಹೇಬರ ಮಾತುಗಳನ್ನು ಕೇಳಿಸಿಕೊಂಡ. ನಾನು ಎಲ್ಲವನ್ನೂ ಬಿಡದೆ ಹೇಳಿದೆ. ಭಯದ ತುಂಡನ್ನು ಮೊದಲು ಬರೆಯಬೇಕು ಅನ್ನುವುದನ್ನು ಹೇಳುವ ಹೊತ್ತಿಗೆ ಅಪ್ಪ ಶೇಂಗಾ ಚಟ್ನಿಗೆ ಎಣ್ಣೆ ಹಾಕಿಕೊಳ್ಳುತ್ತಿದ್ದ, ಹೂಂ ಹೂಂ ಎಂದ.

ಇಲ್ಲಿ ಒಂದು ವಿಷಯ ಹೇಳಬೇಕು. ಅದರ ಹಿಂದಿನ ವರ್ಷ ಭಾಲ್ಕಿ ಕಡೆಯಿಂದ ಒಂದು ಮನೆಯವರು ನನ್ನನ್ನು ನೋಡಲು ಬಂದಿದ್ದರು. ಮದುವೆಯಾದ ಮೇಲೆ ಹುಡುಗಿ ನೌಕರಿ ಬಿಡುತ್ತಾಳಲ್ಲ ಎಂದು ಕೇಳಿದರು. ನಿಮ್ಮ ಹುಡುಗ ಬಿಡುತ್ತಾನೇನು ಎಂದು ನಾನು ಕೇಳಿದೆ. ತಟ್ಟೆಯಲ್ಲಿ ಅರ್ಧ ಉಪ್ಪಿಟ್ಟು ಬಿಟ್ಟು ಎದ್ದು ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ನನ್ನೆದುರು ಮದುವೆಯ ಮಾತೇ ನಿಂತುಹೋಗಿತ್ತು. ಅಪ್ಪ ನನ್ನ ಬಾಯಿಗೆ ಹೆದರಿದ್ದಾನೆ, ನಾನು ಗೆದ್ದೆ ಎಂದುಕೊಂಡಿದ್ದೆ. ಹೆದರಿದ್ದೇನೋ ನಿಜ.

ಚಳಿಗಾಲದಲ್ಲಿ ಒಂದು ದಿನ ಅಣ್ಣ ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋದ. ಆಫೀಸಿನ ಗುರುತಿನ ಚೀಟಿಗೆ ಒಳ್ಳೆಯ ಫೋಟೋ ಬೇಕು, ಇರಲಿ, ಅಪ್ಪ ಹೇಳಿದ್ದಾನೆ ಎಂದ. ಗುರುತಿನ ಚೀಟಿಗೆ ನಿಂತ ಫೋಟೋ ಯಾಕೆ ಎಂದು ಕೇಳಿದೆ. ಹೇಗೂ ಬಂದಿದ್ದೇವೆ, ಅದೂ ಒಂದಿರಲಿ ಅಂದ. ಅದಾದ ಮೇಲೆ ಯಾವಾಗಲೋ ಅವ್ವ ನನ್ನ ಚೆನ್ನಾಗಿ ಕೂಡುವ ಕುಪ್ಪಸವೊಂದನ್ನು ಅಳತೆಗೆಂದು ತೆಗೆದುಕೊಂಡಳು, ಚಿಕ್ಕವ್ವನ ಮಗಳದೂ ನನ್ನದೇ ಮೈಕಟ್ಟು ಎಂದಳು. ಶಿವರಾತ್ರಿಗೆ ಅವ್ವ ಮತ್ತು ನಾನು ತ್ರ್ಯಂಬಕೇಶ್ವರಕ್ಕೆ ಹೋದೆವು. ದರ್ಶನದ ಸಾಲಿನಲ್ಲಿ ನಮ್ಮ ಮುಂದಿದ್ದ ಹಿರಿಯ ಹೆಂಗಸೊಬ್ಬಳು ನಮ್ಮ ಕನ್ನಡ ಕೇಳಿ ತಿರುಗಿದಳು. “ಯವ್ವಾ, ಆ ಬೋರ್ಡಿನ ಮ್ಯಾಲ ಏನ್ ಬರದದ ಓದು. ಚಷ್ಮಾ ಮರ್ತು ಬಂದೀನಿ,” ಎಂದಳು. ಓದಿದೆ. ಚೀಲ ಹಿಡಿ ಎಂದಳು, ಹಿಡಿದೆ. ಬಾಯಿ ಒಣಗಿದೆ, ನಳದಿಂದ ಒಂದು ತಂಬಿಗೆ ನೀರು ತಂದುಕೊಡುತ್ತೀಯಾ ಎಂದಳು, ತಂದುಕೊಟ್ಟೆ. “ಜೀವ ತಂಪಾತು ನೋಡವ್ವಾ,” ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಪರ ಊರಿನಲ್ಲಿ ನಮ್ಮ ಕಡೆಯವರು ಸಿಕ್ಕರು ಅಂತ ನನಗೂ ಸಂತೋಷವೇ ಆಯಿತು.

ಆಮೇಲೆ ಅಪ್ಪ ಅಂಗಡಿಗೆ ಕರೆಸಿ ಸೀರೆಗಳನ್ನು ಹರಡಿದ. “ಗಿರಾಕಿ ಒಬ್ಬರ ಮಗಳಿಗೆ ಬೇಕಾಗ್ಯಾದ. ಹುಡುಗೀದೂ ನಿನ್ನ ಹಾಂಗೇ ಬಣ್ಣ ಅದ. ನೀನೇ ಆರಿಸು.” ನಾನು ನಾಲ್ಕಾರು ಸೀರೆ ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿ, ಎಲೆ ಹಸಿರಿನ ಮೈಗೆ ಸಾಸಿವೆ ಬಣ್ಣದ ಅಂಚಿನದನ್ನು ಆರಿಸಿದೆ. ಅಪ್ಪ ತೋರಿಸಿದ ಕೆಂಪು ಸೀರೆ ಅಜ್ಜಿಯರು ಉಡುವಂಥದು ಎಂದು ಬೈದು ಪಕ್ಕಕ್ಕೆ ಎಸೆದೆ. ಯಾರೋ ಏನೋ, ಪುಣ್ಯವಂತೆ, ಚೆನ್ನಾಗಿ ಕಾಣಲಿ ಎಂದು ಮನಸಾರೆ ಅಂದುಕೊಂಡೆ. ಕೊನೆಗೆ ವೈನಿ ತನ್ನ ತಂಗಿಗೆ ಬಳೆ ಕೊಳ್ಳಬೇಕು, ನನ್ನ ಕೈಯೂ ಅವಳ ಕೈಯೂ ಒಂದೇ ಎಂದು ಬಳೆಗಾರನ ಮುಂದೆ ನನ್ನನ್ನು ಕೂಡಿಸಿದಳು.

ಒಂದೊಂದೂ ಇಷ್ಟಿಷ್ಟೇ ಕೆಲಸ. ಒಂದೊಂದನ್ನೂ ಬೇರೆ ಬೇರೆಯವರು ಬೇರೆ ಬೇರೆ ಹೊತ್ತಿನಲ್ಲಿ ಹೇಳಿದ್ದು. ಹಗಲೆಲ್ಲ ತುಂಡುಗಳನ್ನು ಜೋಡಿಸಿ ಏನಾಗುತ್ತದೆ ಎಂದು ನೋಡುವುದೇ ಕಸುಬಾದ ನಾನು, ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೆ ಬೆಪ್ಪುತಕ್ಕಡಿ.

ದ್ರಾಕ್ಷಿಯ ಸುಗ್ಗಿ ಮುಗಿಯುತ್ತ ಬಂದಾಗ ಸಾಹೇಬರು ಎಲ್ಲ ತುಂಡುಗಳನ್ನೂ ಜೋಡಿಸಿ ಓಡಿಸುವ ಶನಿವಾರವನ್ನು ಗೊತ್ತು ಮಾಡಿದರು. ಅದು ಸರಿಯಾಗಿ ಓಡಿದರೆ ಮುಂದಿನ ಪ್ರೋಗ್ರಾಮಿನ ಕರೆಯುವ ತುಂಡು ನಿನ್ನದು ಎಂದರು. ಅಂದರೆ ಇಡೀ ಕೆಲಸವನ್ನು ಒಡೆಯುವುದು, ಹಂಚುವುದು, ಕೂಡಿಸುವುದು ನನ್ನ ಕೈಗೆ. ಅಷ್ಟು ಆಸೆ ನಾನು ಅದುವರೆಗೆ ಯಾವುದಕ್ಕೂ ಪಟ್ಟಿರಲಿಲ್ಲ. ಮನೆಯಲ್ಲಿ ಹೇಳಿದೆ. ಅಪ್ಪ ತಕ್ಷಣ, ಅದೇ ದಿನ ನಾವೆಲ್ಲರೂ ಬರುತ್ತೇವೆ, ಔರಂಗಾಬಾದಿನಲ್ಲಿ ನಮ್ಮ ಕಡೆಯ ಧಾನ್ಯದ ವ್ಯಾಪಾರಿಯೊಬ್ಬರ ಮನೆಗೆ ಊಟಕ್ಕೆ ಕರೆದಿದ್ದಾರೆ, ನೀನು ಉಂಡು ಕೆಲಸಕ್ಕೆ ಹೋಗುವಿಯಂತೆ, ಮರುದಿನ ಘೃಷ್ಣೇಶ್ವರನ ಗುಡಿ ನೋಡೋಣ ಎಂದ. ನನ್ನ ದೊಡ್ಡ ದಿನಕ್ಕೆ ಮನೆಯವರೆಲ್ಲ ಜೊತೆಗೆ ಬರುತ್ತಾರೆ ಎಂದು ನಾನು ಹಿಗ್ಗಿದೆ.

ನಿಫಾಡ್‌ನಲ್ಲಿ ಬಸ್ಸು ನಿಂತಾಗ ದ್ರಾಕ್ಷಿ ಬುಟ್ಟಿಯವರು ಕಿಟಕಿಗಳಿಗೆ ಮುತ್ತಿದರು. ಅಪ್ಪ ಒಂದು ಪುಡಿಕೆ ಕೊಂಡು ಎಲ್ಲರಿಗೂ ಹಂಚಿದ, ತಾನು ಒಂದೂ ತಿನ್ನಲಿಲ್ಲ. ದಾರಿಯುದ್ದಕ್ಕೂ ನನ್ನ ಮುಖ ನೋಡುವುದು, ಕೆಮ್ಮುವುದು, ಕಿಟಕಿಯ ಹೊರಗೆ ನೋಡುವುದು. ನನಗಿಂತ ಇವನಿಗೇ ಯಂತ್ರದ ಭಯ ಹೆಚ್ಚು ಎಂದುಕೊಂಡು, “ಅಂಜಬ್ಯಾಡಪ್ಪಾ, ಎಲ್ಲಾ ಒಂದೊಂದೇ ನೋಡೀವಿ, ಸರಿ ಅವ,” ಎಂದೆ. ಅಪ್ಪ ಬೆವರೊರೆಸಿಕೊಂಡ.

ಔರಂಗಾಬಾದಿನ ಗುಲ್‌ಮಂಡಿ ಪೇಟೆಯ ಓಣಿಯಲ್ಲಿ ಆ ವ್ಯಾಪಾರಿಯ ಮನೆ. ಬಾಗಿಲಿಗೆ ಮಾವಿನೆಲೆಯ ತೋರಣವಿತ್ತು. ಏನೋ ಹಬ್ಬವಿರಬೇಕು ಎಂದುಕೊಂಡೆ. ಬಾಗಿಲು ತೆರೆದವಳು ತ್ರ್ಯಂಬಕೇಶ್ವರದಲ್ಲಿ ಕಂಡ ಹೆಂಗಸು. ಮೂಗಿನ ಮೇಲೆ ಚಷ್ಮಾ ಇತ್ತು.

“ಬಾರವ್ವಾ,” ಎಂದು ನನ್ನ ಕೈ ಹಿಡಿದಳು. ನಾನು ಇನ್ನೂ ನಗುತ್ತಲೇ ಒಳಗೆ ಕಾಲಿಟ್ಟೆ. ಎಂಥ ಅಚ್ಚರಿ ಎಂದು ಅವ್ವನ ಕಡೆ ತಿರುಗಿದರೆ ಅವ್ವ ನನ್ನ ಮುಖ ನೋಡುತ್ತಿಲ್ಲ. ಪಡಸಾಲೆಯ ಗೂಡಿನಲ್ಲಿ, ದೇವರ ಪಕ್ಕದಲ್ಲಿ, ನನ್ನ ನಿಂತ ಫೋಟೋ. ಅದಕ್ಕೆ ಕುಂಕುಮ ಬೇರೆ. ಕೆಳಗೆ ಕಂಬಳಿ ಹಾಸಿ, ಅದರ ಮೇಲೆ ಮಣೆ ಇಟ್ಟಿದ್ದರು. ಮಣೆಯ ಮುಂದೆ ಹಿತ್ತಾಳೆಯ ತಟ್ಟೆ. ತಟ್ಟೆಯಲ್ಲಿ ಎಲೆ ಹಸಿರಿನ ಮೈ, ಸಾಸಿವೆ ಬಣ್ಣದ ಅಂಚಿನ ಸೀರೆ. ಅದರ ಮೇಲೆ ಹೊಲಿದಿಟ್ಟ ಕುಪ್ಪಸ. ಕುಪ್ಪಸದ ಮೇಲೆ ಬಳೆಗಳು, ಬಳೆಗಾರ ನನ್ನ ಕೈಗೆ ಏರಿಸಿ ಇಳಿಸಿದ್ದ ಅವೇ ಬಳೆಗಳು.

ಕಾರ್ಡಿನ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಗರಬಡಿದವಳಂತೆ ನಿಂತೆ. ಒಂದೊಂದಾಗಿ ಕಂಡಾಗ ಏನೂ ಅಲ್ಲದವು ಎಲ್ಲವೂ ಒಟ್ಟಿಗೆ ಒಂದೇ ತಟ್ಟೆಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದವು. ಒಂದು ಗಳಿಗೆ ನನಗೆ ಹುಚ್ಚು ಹಿಡಿಯಿತೇನೋ ಅನ್ನಿಸಿತು. ಆ ಸೀರೆ ಆರಿಸಿದವಳು ನಾನು. ಆ ಹುಡುಗಿ ಚೆನ್ನಾಗಿ ಕಾಣಲಿ ಎಂದು ಹಾರೈಸಿದವಳೂ ನಾನೇ.

“ಕೂಡವ್ವಾ, ಉಡಿ ತುಂಬೂದು ಹೊತ್ತಾಗ್ತದ,” ಎಂದಳು ಆ ತಾಯಿ. ನಮ್ಮ ಕಡೆ ಸಂಬಂಧ ಗಟ್ಟಿಯಾದಾಗ ಗಂಡಿನ ತಾಯಿ ಹುಡುಗಿಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅಡಿಕೆ, ಎಲೆ ತುಂಬುತ್ತಾಳೆ. ಉಡಿ ತುಂಬಿಸಿಕೊಂಡ ಮೇಲೆ ಮಾತಿಲ್ಲ, ಮುಗಿಯಿತು. ಬಾಗಿಲಿನ ಹತ್ತಿರ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ತರುಣ ನಿಂತಿದ್ದ. ಮಗ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಿರಿಯರೊಬ್ಬರು ಖುಷಿಯಲ್ಲಿ, ಇನ್ನೇನು ಹುಡುಗಿ ಈ ಮನೆಯವಳೇ, ನಾಶಿಕದ ಆ ಬಸ್ಸು, ಆ ಧೂಳು, ಆ ಕಾರ್ಖಾನೆ ಎಲ್ಲ ತಪ್ಪಿತು ಎಂದು ಅಪ್ಪನಿಗೆ ಹೇಳುತ್ತಿದ್ದರು.

ಆ ಮಾತು ನನ್ನನ್ನು ಎಚ್ಚರಿಸಿತು. ಡಬ್ಬಿಯೊಳಗಿನ ಕಾರ್ಡುಗಳು ನೆನಪಾದವು. ಇನ್ನು ಸ್ವಲ್ಪ ಹೊತ್ತಿಗೆ ಊರಾಚೆಯ ಕಾರ್ಖಾನೆಯಲ್ಲಿ ಸಾಹೇಬರು ಯಂತ್ರದ ಮುಂದೆ ನಿಂತು ನನ್ನ ದಾರಿ ನೋಡುತ್ತಾರೆ.

“ಯಾರ ನಿಶ್ಚಯರೀ ಇದು?” ಎಂದೆ. ಧ್ವನಿ ನನ್ನದೆಂದು ನನಗೇ ಅನ್ನಿಸಲಿಲ್ಲ.

ಮೊದಲು ಬಾಯಿ ಬಿಟ್ಟವಳು ವೈನಿ. ಅವಳ ಕಣ್ಣು ಬಳೆಗಳ ಮೇಲೆ ನೆಟ್ಟಿತ್ತು. “ಮಾವಾರ, ಈ ಬಳಿ ನನ್ನ ತಂಗೀಗಂತ ಹೇಳಿದ್ರಲ್ಲರಿ!”

ಅಣ್ಣ ಗೂಡಿನ ಕಡೆ ನೋಡಿ ಕೆಂಪಗಾದ. “ನನಗ ಫೋಟೋ ತೆಗಸು ಅಂದ್ರು, ಅಷ್ಟ. ಅದೂ ಆಫೀಸಿಗೇ ಅಂತ ಹೇಳಿದ್ರು.”

ನಾನು ಅವ್ವನನ್ನು ನೋಡಿದೆ. ಅವ್ವ ಕಾಲಿನ ಹೆಬ್ಬೆರಳಿನಿಂದ ಕಂಬಳಿಯ ಅಂಚನ್ನು ಸರಿಮಾಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ಪೂರಾ ಅಲ್ಲದಿದ್ದರೂ ಗೊತ್ತಾಗುವಷ್ಟು ಗೊತ್ತಿತ್ತು. ಆ ದಿನ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ನನಗೆ ಅದೇ.

ನನ್ನ ತಲೆ ಆಗ ಹೇಗೆ ಅಷ್ಟು ತಣ್ಣಗೆ ಕೆಲಸ ಮಾಡಿತೋ ಇಂದಿಗೂ ತಿಳಿಯದು. ಮಾತು ಆಫೀಸಿನಲ್ಲಿ ಆಡಿದಂತೆ ಬಂತು. “ಅಪ್ಪಾ, ಅಣ್ಣನ ಕೆಲಸ ಸರಿ ಆಗ್ಯಾದ. ವೈನಿ ಕೆಲಸ ಸರಿ ಆಗ್ಯಾದ. ಅವ್ವಂದು ಸರಿ, ನಂದೂ ಸರಿ, ಸೀರಿ ಭಾಳ ಚಲೋ ಆರಿಸೀನಿ. ಆದ್ರ ಒಂದು ತುಂಡು ನೀ ಬರದೇ ಇಲ್ಲ.”

“ಯಾವುದವ್ವಾ?” ಅಪ್ಪನ ಧ್ವನಿ ಸಣ್ಣಗಾಗಿತ್ತು.

“ನನ್ನ ಕೇಳೂದು.”

ಅಪ್ಪ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಷ್ಟು ಜನರ ಮುಂದೆ ಅಪ್ಪ ಬರಿತಲೆಯಲ್ಲಿ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. “ಅದನ್ನ ಕಡೀಕ ಇಟ್ಟಿದ್ದೆ,” ಎಂದ. “ಒಮ್ಮೆ ಎಲ್ಲಾ ಹೇಳಿದ್ರ ನೀ ಒದರತಿದ್ದಿ. ಸಣ್ಣ ಸಣ್ಣದಾಗಿ ಮಾಡ್ಕೋತ ಹೋದ್ರ, ಎಲ್ಲಾ ತಯಾರಾದ ಮ್ಯಾಲ ನೀ ನೋಡಿ ಹೂಂ ಅಂತಿ ಅಂತ ತಿಳ್ದೆ. ನೀನೇ ಹೇಳಿದ್ದಿಲ್ಲೇನು, ಪೂರಾ ನೋಡಿದ್ರ ಅಂಜಿಕಿ ಬರ್ತದ, ಒಡದು ಮಾಡಬೇಕಂತ?”

“ಅಂಜಿಕಿದು ಮೊದಲ ಮಾಡಬೇಕಂತನೂ ಹೇಳಿದ್ದೆ!” ಎಂದು ಕೂಗಿದೆ. ಅಲ್ಲಿಗೆ ನನ್ನ ತಣ್ಣನೆಯ ಮಾತು ಮುಗಿದು ಅಳು ಒತ್ತರಿಸಿ ಬಂತು.

ಬಾಗಿಲಿನ ಹತ್ತಿರ ನಿಂತಿದ್ದ ತರುಣ ಆಗ ಮೊದಲ ಸಲ ಮಾತಾಡಿದ. “ಹುಡುಗಿ ಒಪ್ಪ್ಯಾಳ ಅಂತ ನಮಗ ಹೇಳಿದ್ರಿ,” ಎಂದ ಅಪ್ಪನಿಗೆ. ಅವನ ಮುಖ ಬಿಳಿಚಿಕೊಂಡಿತ್ತು. ಪಾಪ, ಅವನೂ ನನ್ನಂತೆಯೇ ಬಲೆಗೆ ಸಿಕ್ಕವನು. ಅವನ ತಾಯಿ ಚಷ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡಳು. ಜಗಳವಾಗುತ್ತದೆ, ಬೈಗುಳ ಬೀಳುತ್ತದೆ ಎಂದು ನಾನು ಕಾಯುತ್ತಿದ್ದೆ. ಅವಳು ಬಗ್ಗಿ ತಟ್ಟೆಯಿಂದ ಸೀರೆ, ಕುಪ್ಪಸ, ಬಳೆಗಳನ್ನು ಎತ್ತಿ ವೈನಿಯ ಕೈಗೆ ಕೊಟ್ಟಳು.

“ಯಜಮಾನರ, ಇಂಥಾ ಕೆಲಸ ಮಾಡಬಾರದಾಗಿತ್ತು ನೀವು,” ಎಂದಳು ಅಪ್ಪನಿಗೆ. ಆಮೇಲೆ ನನ್ನ ಕಡೆ ತಿರುಗಿ, “ಸೆರಗು ಹಿಡಿ,” ಎಂದಳು. ನಾನು ಹಿಂದೆ ಸರಿದೆ. “ಅಂಜಬ್ಯಾಡ. ಇದು ಸಂಬಂಧದ್ದಲ್ಲ. ನಮ್ಮ ಬಾಗಿಲಿಗೆ ಬಂದ ಹೆಣ್ಣಮಗಳು ಬರೇ ಉಡೀಲೆ ಹೋಗಬಾರದು, ಅದಕ್ಕ.” ಬೊಗಸೆ ತುಂಬ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಎರಡು ಅಡಿಕೆ ಹಾಕಿದಳು. ಆ ದಿನ ಅಷ್ಟು ಪೆಟ್ಟು ತಿಂದವಳಿಗೆ ಈ ಮರ್ಯಾದೆ ಇನ್ನೊಂದು ಪೆಟ್ಟಿನಂತೆ ಬಂತು. ಬಗ್ಗಿ ಅವಳ ಕಾಲು ಮುಟ್ಟಿದೆ.

ವೈನಿ ಯಾರನ್ನೂ ಕೇಳದೆ ನನ್ನ ಜೊತೆ ರಿಕ್ಷಾ ಹತ್ತಿದಳು. ದಾರಿಯಲ್ಲಿ ಒಂದೇ ಮಾತು, “ನನ್ನ ತಂಗೀಗೆ ಬಳಿ ತರ್ತೀನಂತ ಕಾಗದ ಬೇರೆ ಬರದೀನಿ,” ಎಂದು ಅತ್ತಳು. ಅವಳನ್ನು ಸಮಾಧಾನ ಮಾಡುವುದರಲ್ಲಿ ನನ್ನ ಅಳು ನಿಂತಿತು.

ಯಂತ್ರದ ಕೋಣೆಯಲ್ಲಿ ಧೂಳು ಕೂಡದು, ಚಪ್ಪಲಿ ಹೊರಗೇ ಬಿಡಬೇಕು. ಚಪ್ಪಲಿ ಬಿಟ್ಟೆ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಉಡಿ ಮರೆತೇಹೋಗಿತ್ತು. ಕಾರ್ಡುಗಳನ್ನು ಇಡಲು ಬಗ್ಗಿದಾಗ ಸೆರಗು ಸಡಿಲಾಗಿ, ಥಂಡಿ ಹವೆಯ ಆ ನುಣ್ಣನೆಯ ನೆಲದ ಮೇಲೆ ಅಕ್ಕಿ ಚೆಲ್ಲಾಪಿಲ್ಲಿಯಾಯಿತು. ಆಪರೇಟರ್ ಹೌಹಾರಿ ಯಂತ್ರಕ್ಕೆ ಅಡ್ಡ ನಿಂತ. “ಹೇ ಕಾಯ?” ಎಂದರು ಸಾಹೇಬರು, ಇದೇನಿದು ಎಂದು. ನಾನು ಉರುಳಿದ ಕೊಬ್ಬರಿ ಬಟ್ಟಲು ಎತ್ತಿಕೊಂಡು ಕಾರ್ಡುಗಳ ಕಡೆ ತಿರುಗಿದೆ. ವೈನಿ ಮಂಡಿಯೂರಿ ಕೂತು ಒಂದೊಂದೇ ಕಾಳು ಆರಿಸಿದಳು.

ಕಾರ್ಡುಗಳು ಪಟಪಟನೆ ಒಳಗೆ ಹೋದವು. ಕರೆಯುವ ತುಂಡು ಓದುವ ತುಂಡನ್ನು ಕರೆಯಿತು, ಓದಿದ್ದನ್ನು ನನ್ನ ತುಂಡಿಗೆ ಕೊಟ್ಟಿತು, ನನ್ನದು ಸರಿ ತಪ್ಪು ಹೇಳಿ ಕೂತುಕೊಂಡಿತು. ಎಷ್ಟು ಸಲ ಕರೆದರೂ ಅಷ್ಟೂ ಸಲ ಎದ್ದು, ಯಾರಿಗಾಗಿ ಎಂದು ಕೇಳದೆ, ಹೇಳಿದ್ದನ್ನು ಮಾಡಿತು. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಅಂದು ಅದರ ವಿಧೇಯತೆ ನೋಡಿ ನನಗೆ ಮೈ ಉರಿಯಿತು. ಅಚ್ಚಿನ ಯಂತ್ರ ಗರಗರನೆ ಹಾಳೆ ಉಗುಳಿತು, ಎಲ್ಲಿಯೂ ನಿಲ್ಲಲಿಲ್ಲ. ಸಾಹೇಬರು ಹಾಳೆಯ ಮೇಲೆ ಬೆರಳಿಟ್ಟು ಕೊನೆಯವರೆಗೆ ನೋಡಿ, ಮುಂದಿನದು ನಿನ್ನದು ಎಂದರು. ನಾನು ಆಗಲಿ ಎಂದು ತಲೆ ಆಡಿಸಿದೆ.

ಹೊರಗೆ ಬಂದರೆ ಕಾರ್ಖಾನೆಯ ಗೇಟಿನ ಬಳಿ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಅಪ್ಪ ಕೂತಿದ್ದ. ಯಾವಾಗ ಬಂದನೋ, ಒಳಗೆ ಬಿಟ್ಟಿರಲಿಲ್ಲ. ಪೇಟ ಇನ್ನೂ ಕೈಯಲ್ಲೇ ಇತ್ತು. ದಾರಿಯಲ್ಲೆಲ್ಲ ಅವನಿಗೆ ಏನೇನು ಅನ್ನಬೇಕೆಂದು ನಾನು ಸಾಲು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ವೈನಿ ಹಿಂದೆಯೇ ನಿಂತಳು.

“ಮಿಷನ್ ನಡೀತೇನವ್ವಾ?” ಎಂದ.

“ನಡೀತು.”

ಅಪ್ಪ ತಲೆ ಕೆಳಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಪೇಟದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದ. ಆಮೇಲೆ ನನ್ನ ಮುಖ ನೋಡಿ, “ನಿನಗ ಆ ಮನಿ ಬೇಕೇನವ್ವಾ?” ಎಂದು ಕೇಳಿದ.

ನಾನು ದಂಗಾದೆ. ಜೋಡಿಸಿಟ್ಟುಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. ಅಪ್ಪ ನನಗೆ ಬೈದಿದ್ದಾನೆ, ಮುದ್ದು ಮಾಡಿದ್ದಾನೆ, ಹೆಗಲ ಮೇಲೆ ಹೊತ್ತು ಗೋದಾವರಿಯ ದಂಡೆ ಸುತ್ತಿಸಿದ್ದಾನೆ, ಕೇಳದೆಯೇ ಕಾಲೇಜಿಗೆ ಸೇರಿಸಿದ್ದಾನೆ. ಆದರೆ ಬೇಕೇನು ಎಂದು ನನ್ನನ್ನು ಯಾರೂ ಯಾವತ್ತೂ ಕೇಳಿರಲಿಲ್ಲ ಅನ್ನುವುದು ಆ ಪ್ರಶ್ನೆ ಬಂದಾಗಲೇ ನನಗೆ ತಿಳಿದದ್ದು.

“ಬ್ಯಾಡಪ್ಪಾ,” ಎಂದೆ.

“ಆತು ಬಿಡು,” ಎಂದ.

ಅಷ್ಟೇ. ಚಳಿಗಾಲದಿಂದ ಅವನು ಹೆದರಿ ಹೆದರಿ ಮುಂದೂಡಿದ್ದು, ಇಡೀ ಮನೆಯನ್ನೇ ತುಂಡು ತುಂಡು ಮಾಡಿ ಓಡಾಡಿಸಿದ್ದು, ಎರಡು ಮಾತಿಗೆ ಮುಗಿದುಹೋಯಿತು. ಇಷ್ಟು ಸಣ್ಣದಕ್ಕಾಗಿಯೇ ಎಂದು ನಾನು ಬೇವಿನ ಮರದ ಕೆಳಗೆ ಕಣ್ಣು ಕಣ್ಣು ಬಿಡುತ್ತ ನಿಂತೆ. ಅಪ್ಪ ಎದ್ದು ಪೇಟ ಸುತ್ತಿಕೊಂಡು, ಭಾರ ಅದ ಕೊಡು ಎಂದು ನನ್ನ ಕೈಯಿಂದ ಕಾರ್ಡಿನ ಡಬ್ಬಿ ತೆಗೆದುಕೊಂಡ. ಘೃಷ್ಣೇಶ್ವರದ ಮಾತು ಯಾರೂ ಎತ್ತಲಿಲ್ಲ. ಬಸ್‌ ಸ್ಟ್ಯಾಂಡಿನಲ್ಲಿ ಅವ್ವ ಅಣ್ಣ ಕಾಯುತ್ತಿದ್ದರು. ಅವ್ವ ನನ್ನ ಸೆರಗು ಸರಿಮಾಡಲು ಕೈ ಚಾಚಿದಳು, ನಾನು ಸರಿದುಕೊಂಡೆ. ಅವಳ ಹತ್ತಿರ ಮತ್ತೆ ಮೊದಲಿನಂತೆ ಕೂರಲು ನನಗೆ ಬಹಳ ದಿನ ಹಿಡಿಯಿತು.

ನಾಶಿಕದ ಬಸ್ಸು ಬಂದಾಗ ಅಪ್ಪ ಮೊದಲು ಹತ್ತಿ ಜಾಗ ಹಿಡಿದ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಹತ್ತಿರ ಹೋದಾಗ ಸೀಟಿನಿಂದ ಅರ್ಧ ಎದ್ದು ನಿಂತ. ಸಣ್ಣವಳಿದ್ದಾಗಿನಿಂದ ಅವನ ಜೊತೆ ಎಷ್ಟು ಬಸ್ಸು ಹತ್ತಿದ್ದೇನೋ ಲೆಕ್ಕವಿಲ್ಲ.

“ಕಿಟಕಿ ಕಡೆ ಕೂಡ್ತಿಯೇನವ್ವಾ?” ಎಂದು ಕೇಳಿದ.

ಹೂಂ ಎಂದೆ.